230 ವೋಲ್ಟಿಗೆ 600 ವೋಲ್ಟಿನ ಟ್ರಾನ್ಸಿಸ್ಟರ್ ಯಾಕೆ?

ಪ್ರಶ್ನೆ: ನಮ್ಮ ಅಡಿಕೆ ಸುಲಿಯುವ ಮಷಿನ್ನಿನದು ತ್ರೀ ಫೇಸ್ ಮೋಟರ್. ಮನೆಗೆ ಬರುವುದು ಸಿಂಗಲ್ ಫೇಸ್. ಹಾಗಾಗಿ ನಡುವೆ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಒಂದು ಡ್ರೈವ್ ಹಾಕಿದ್ದೇವೆ. ಕೊನೆಕೊಯ್ಲಿನ ಹೊತ್ತಿಗೇ ಅದರೊಳಗಿನ ಒಂದು ಐಜಿಬಿಟಿ (ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಸುಟ್ಟಿತು. ಅದು 600 ವೋಲ್ಟಿನದಂತೆ. ನಮ್ಮ ಕರೆಂಟು 230 ತಾನೇ? 400 ವೋಲ್ಟಿನದು ಅಗ್ಗಕ್ಕೆ ಸಿಗುತ್ತದೆ, ಹಾಕಬಹುದೇ?
— ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ದಯವಿಟ್ಟು ಹಾಕಬೇಡಿ. 230 ಅನ್ನುವುದು ಆರ್‌ಎಂಎಸ್ ಲೆಕ್ಕ, ಅಂದರೆ ಏರಿಳಿಯುವ ಎಸಿ ವೋಲ್ಟೇಜಿನ ಒಂದು ಬಗೆಯ ಸರಾಸರಿ. ಅಲೆಯ ತುದಿ ಅದರ 1.414 ಪಟ್ಟು, ಅಂದರೆ 325 ವೋಲ್ಟ್. ಡ್ರೈವಿನ ದೊಡ್ಡ ಕೆಪಾಸಿಟರ್ ತುಂಬಿಕೊಳ್ಳುವುದು ಈ ತುದಿಯ ಮಟ್ಟಕ್ಕೆ. ರಾತ್ರಿ ಲೋಡ್ ಇಳಿದು ಲೈನು 260ಕ್ಕೆ ಏರಿತು ಅಂದುಕೊಳ್ಳಿ, ಕೆಪಾಸಿಟರಿನಲ್ಲಿ 368. ನಿಮ್ಮ 400ರಲ್ಲಿ ಉಳಿದದ್ದು 32 ವೋಲ್ಟ್, ಅಷ್ಟೇ.

ಅದನ್ನು ವೈರೇ ತಿಂದುಹಾಕುತ್ತದೆ. 10 ಸೆಂ.ಮೀ. ವೈರಿಗೆ ಸುಮಾರು 100 ನ್ಯಾನೋಹೆನ್ರಿ ಇಂಡಕ್ಟೆನ್ಸ್ (ಕರೆಂಟು ತಟ್ಟನೆ ಬದಲಾಗುವುದನ್ನು ತಡೆಯುವ ಗುಣ) ಇರುತ್ತದೆ. 20 ಆಂಪಿಯರ್ ಕರೆಂಟನ್ನು ಟ್ರಾನ್ಸಿಸ್ಟರ್ 40 ನ್ಯಾನೋಸೆಕೆಂಡಿನಲ್ಲಿ ಕಡಿದರೆ ಅಷ್ಟು ವೈರಿನಲ್ಲೇ 50 ವೋಲ್ಟ್ ಏಳುತ್ತದೆ. 368ಕ್ಕೆ 50 ಸೇರಿ 418. ಅಡಿಕೆ ಸಿಕ್ಕಿ ಮೋಟರ್ ಜಾಮ್ ಆದಾಗ ಕರೆಂಟೂ ಜಾಸ್ತಿ, ಈ ನೆಗೆತವೂ ಜಾಸ್ತಿ.

ಕಾರವಾರದ ನನ್ನ ಬೆಂಚಿಗೆ ಅಂಕೋಲಾ ಕಡೆಯಿಂದ ಒಂದು ಪಂಪಿನ ಡ್ರೈವ್ ಬಂದಿತ್ತು. ಹೀಟ್‌ಸಿಂಕಿಗೆ ಎಟುಕಲಿ ಅಂತ ಯಾರೋ ಐಜಿಬಿಟಿಗೆ ಗೇಣುದ್ದ ವೈರು ಕಟ್ಟಿದ್ದರು. ಪಾರ್ಟ್ ಒರಿಜಿನಲ್, 600 ವೋಲ್ಟಿನದೇ. ಆದರೂ ಹಾಕಿದಷ್ಟೂ ಹೋಗುತ್ತಿತ್ತು. ವೈರು ಕಿತ್ತು, ಕಾಲುಗಳನ್ನು ಬೋರ್ಡಿಗೇ ಗಿಡ್ಡಕ್ಕೆ ಬೆಸುಗೆ ಹಾಕಿದೆ. ಆಮೇಲೆ ತೊಂದರೆ ಬರಲಿಲ್ಲ. ನಿಮ್ಮ ರಿಪೇರಿಯವರಿಗೆ ಇದೊಂದು ಮಾತು ಖಂಡಿತ ಹೇಳಿ.

ಹಾಗಾದರೆ 1200 ವೋಲ್ಟಿನದೇ ಹಾಕಿಬಿಡೋಣ ಅಂದರೆ ಅದೂ ಬೇಡ. ಅದು 415 ವೋಲ್ಟಿನ ತ್ರೀ ಫೇಸ್ ಲೈನಿಗೆ. ಅಲ್ಲಿ ಕೆಪಾಸಿಟರಿನಲ್ಲೇ 587 ವೋಲ್ಟ್ ಇರುತ್ತದೆ. ನಿಮ್ಮಲ್ಲಿ ಹಾಕಿದರೆ ಸಾಮಾನ್ಯವಾಗಿ ಸುಮ್ನೆ ಬಿಸಿ ಜಾಸ್ತಿ. 600 ಅಥವಾ 650 ನಿಮಗೆ ಸರಿ.

ಅಂದಹಾಗೆ, 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಐಜಿಬಿಟಿಯನ್ನು ರೂಪಿಸಿದ ಬಿ. ಜಯಂತ್ ಬಾಳಿಗಾ ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ಅವರ ಕೆಲಸ ಮಲೆನಾಡಿನ ಸುಲಿ ಮಷಿನ್ನಿನವರೆಗೂ ಬಂದಿದೆ ಅನ್ನುವುದು ನನಗೆ ನಿಜಕ್ಕೂ ಹೆಮ್ಮೆ.

ಹೊಸದು ಹಾಕುವ ಮೊದಲು, ಐಜಿಬಿಟಿಯ ಗೇಟಿಗೆ (ಅದನ್ನು ಆನ್-ಆಫ್ ಮಾಡುವ ಕಾಲಿಗೆ) ಸಿಗ್ನಲ್ ಕೊಡುವ ಗೇಟ್ ರೆಸಿಸ್ಟರ್, ಡ್ರೈವರ್ ಐಸಿ ನೋಡಿಸಿ. ಐಜಿಬಿಟಿ ಶಾರ್ಟ್ ಆದಾಗ ಹೈ ವೋಲ್ಟೇಜ್ ಗೇಟಿನ ಕಡೆಗೂ ನುಗ್ಗಿ ಅವನ್ನೂ ಸುಟ್ಟಿರುತ್ತದೆ. ಅದನ್ನು ಬಿಟ್ಟು ಪಾರ್ಟ್ ಬದಲಿಸಿದರೆ ದುಡ್ಡು ದಂಡ. ಮೊದಲ ಸಲ ಆನ್ ಮಾಡುವಾಗ ಮೋಟರ್ ಬಿಚ್ಚಿಟ್ಟು, ಲೈನಿಗೆ ಸೀರೀಸಲ್ಲಿ 100 ವ್ಯಾಟ್ ಬಲ್ಬು ಹಾಕಿಸಿ. ಬಲ್ಬು ಮಿಂಚಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಇನ್ನೂ ಎಲ್ಲೋ ಶಾರ್ಟ್ ಇದೆ.

ಮುಚ್ಚಳ ತೆಗೆಯುವ ಮುನ್ನ ಮೇನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಆಮೇಲೂ ಕೆಪಾಸಿಟರ್ ತುದಿಗಳಿಗೆ ಮೀಟರ್ ಹಿಡಿದು, ವೋಲ್ಟೇಜ್ ಸೊನ್ನೆ ಹತ್ತಿರ ಬಂದಿದ್ದರೆ ಮಾತ್ರ ಕೈ ಹಾಕಿ. ಅಲ್ಲಿ ಉಳಿದ 325 ವೋಲ್ಟ್ ಜೀವ ತೆಗೆಯಲು ಸಾಕು.