ಅರ್ಧ ಮುಗಿದ ರೋಲನ್ನು ಇನ್ನೊಂದು ಕ್ಯಾಮೆರಾಗೆ ಹಾಕುವ ಬಗ್ಗೆ

ಹಾಸನದ ಸ್ನೇಹಿತರಿಗೆ ಚಿಕ್ಕಮಗಳೂರಿನಿಂದ ನಮಸ್ಕಾರ. ನಿಮ್ಮ ನಿಕಾನ್ ಎಫ್‌ಎಂ2ನಲ್ಲಿರುವ 400 ಐಎಸ್‌ಒ (ಬೆಳಕಿಗೆ ಫಿಲ್ಮು ಎಷ್ಟು ಸೂಕ್ಷ್ಮ ಎಂಬ ಅಳತೆ) ಕಪ್ಪು-ಬಿಳುಪು ರೋಲಿನಲ್ಲಿ ಹಳೇಬೀಡಿನ 14 ಚಿತ್ರಗಳು ಮುಗಿದಿವೆ, ಉಳಿದುದನ್ನು ಸಂತೆಯಲ್ಲಿ ಜನರ ಚಿತ್ರ ತೆಗೆಯಲು ಸದ್ದು ಕಡಿಮೆಯಿರುವ ಯಾಶಿಕಾ ಎಲೆಕ್ಟ್ರೋ 35ಕ್ಕೆ ಹಾಕಬಹುದೇ ಎಂದು ಕೇಳಿದ್ದೀರಿ. ಎರಡು ಫ್ರೇಮು, ಅಂದರೆ ಎರಡು ಚಿತ್ರಗಳ ಜಾಗ, ವ್ಯರ್ಥವಾಗಲು ಬಿಟ್ಟರೆ ಧಾರಾಳವಾಗಿ ಹಾಕಬಹುದು.

ಹಿಂಬಾಗಿಲು ತೆರೆದೊಡನೆ ಚಿತ್ರಗಳ ಎಣಿಕೆ ಮೊದಲಿಗೆ ಮರಳುವುದರಿಂದ, ಅದಕ್ಕೂ ಮುನ್ನವೇ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕ್ಯಾಮೆರಾದ ತಳದ ಗುಂಡಿಯನ್ನು ಒತ್ತಿ, ಫಿಲ್ಮನ್ನು ಡಬ್ಬಿಯೊಳಕ್ಕೆ ಹಿಂದೆ ಸುತ್ತುವ ಹಿಡಿಕೆಯನ್ನು ನಿಧಾನವಾಗಿ ತಿರುಗಿಸುತ್ತಾ, ಕಿವಿಯನ್ನು ಕ್ಯಾಮೆರಾಗೆ ಹತ್ತಿರ ಇಟ್ಟುಕೊಳ್ಳಿ. ಕೊನೆಯಲ್ಲಿ ಹಿಡಿಕೆ ತುಸು ಬಿಗಿಯಾಗಿ, ಫಿಲ್ಮಿನ ತುದಿ ಸುರುಳಿಯಿಂದ ಬಿಡಿಸಿಕೊಂಡ ಸಣ್ಣ ಸದ್ದು ಕೇಳಿಸಿ, ಮರುಕ್ಷಣವೇ ಕೈ ಹಗುರವಾಗುತ್ತದೆ. ಅಲ್ಲಿಗೆ ನಿಲ್ಲಿಸಿದರೆ ತುದಿ ಹೊರಗೇ ಉಳಿಯುತ್ತದೆ. ಇನ್ನೂ ತಿರುಗಿಸಿದರೆ ಒಳಗೆ ಹೋಗಿಬಿಡುತ್ತದೆ, ಆಗ ಅದನ್ನು ಹೊರಗೆಳೆಯಲು ಅದಕ್ಕೆಂದೇ ಸಿಗುವ ಸಾಧನ ಬೇಕಾಗುತ್ತದೆ. ರೋಲಿನ ಡಬ್ಬಿಯ ಮೇಲೆ «400, 14 ಆಗಿದೆ» ಎಂದು ಅಳಿಸದ ಶಾಯಿಯಲ್ಲಿ ಬರೆಯಿರಿ. ತುದಿ ಹೊರಗಿರುವ ರೋಲು ಹೊಸದರಂತೆಯೇ ಕಾಣುವುದರಿಂದ ಈ ಬರಹವನ್ನು ಬಿಡಲೇಬಾರದು.

ಎರಡು ಫ್ರೇಮು ಏಕೆ ಬಿಡಬೇಕೆಂದರೆ, ಒಂದು ಫ್ರೇಮಿಗೆ ಫಿಲ್ಮು ಅದರ ಅಂಚಿನ ಎಂಟು ರಂಧ್ರಗಳಷ್ಟು, ಅಂದರೆ 38 ಮಿ.ಮೀ. ಮುಂದೆ ಸರಿಯುತ್ತದೆ, ಅದರಲ್ಲಿ 36 ಮಿ.ಮೀ. ಚಿತ್ರಕ್ಕೆ, ಉಳಿದ 2 ಮಿ.ಮೀ. ನಡುವಿನ ಅಂತರಕ್ಕೆ. ಆದರೆ ತುದಿಯನ್ನು ಸುರುಳಿಗೆ ಎಷ್ಟು ಒಳಕ್ಕೆ ಸಿಕ್ಕಿಸಿದ್ದೀರಿ ಎಂಬುದು ಪ್ರತಿ ಸಲವೂ ಬೇರೆಯಾಗುತ್ತದೆ, ಕ್ಯಾಮೆರಾದಿಂದ ಕ್ಯಾಮೆರಾಗೂ ಬೇರೆಯಾಗುತ್ತದೆ. ಒಂದೇ ಫ್ರೇಮಿಗೆ ಜಿಪುಣತನ ಮಾಡಿದರೆ ಹೊಯ್ಸಳೇಶ್ವರನ ನಂದಿಯ ಮೇಲೆ ಸಂತೆಯ ಸೊಪ್ಪಿನ ರಾಶಿ ಬಂದು ಕೂರುವ ಸಾಧ್ಯತೆ ಇರುತ್ತದೆ.

ರೋಲನ್ನು ಹಾಕಿದ ಮೇಲೆ ಮುಗಿದ ಫ್ರೇಮುಗಳನ್ನು ಖಾಲಿ ಕ್ಲಿಕ್ ಮಾಡಿ ದಾಟಿಸಬೇಕು, ಆದರೆ ಯಾಶಿಕಾದಲ್ಲಿ ಒಂದು ತೊಡಕಿದೆ. ಅದರ ಶಟರಿನ ವೇಗವನ್ನು ಬೆಳಕು ನೋಡಿ ಕ್ಯಾಮೆರಾವೇ ನಿರ್ಧರಿಸುತ್ತದೆಯಾದ್ದರಿಂದ, ಲೆನ್ಸಿಗೆ ಮುಚ್ಚಳ ಹಾಕಿ, ಮೇಲೆ ಬಟ್ಟೆ ಹೊದಿಸಿ ಗುಂಡಿ ಒತ್ತಿದರೆ ಕತ್ತಲೆಯೆಂದು ತಿಳಿದು ಶಟರನ್ನು ಬಹಳ ಹೊತ್ತು ತೆರೆದಿಡುತ್ತದೆ. ಮುಚ್ಚಳ ಸಡಿಲವಾಗಿದ್ದರೆ ಆಗಲೇ ಬೆಳಕು ನುಸುಳಿ ಹಳೇಬೀಡಿನ ಚಿತ್ರಗಳು ಕೆಡುತ್ತವೆ. ಬ್ಯಾಟರಿಯನ್ನು ತೆಗೆದರೆ ಶಟರು 1/500 ಸೆಕೆಂಡಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ನಮಗೆ ಬೇಕಾಗಿರುವುದೂ ಅದೇ. ಬ್ಯಾಟರಿ ತೆಗೆದು, ಅಪರ್ಚರನ್ನು (ಲೆನ್ಸಿನ ಕಿಂಡಿಯನ್ನು) ಅತಿ ಚಿಕ್ಕದಾದ ಎಫ್ 16ಕ್ಕಿಟ್ಟು, ಮುಚ್ಚಳ ಹಾಕಿ, ಮೇಲೊಂದು ಕಪ್ಪು ಬಟ್ಟೆ ಹೊದಿಸಿ, ಎಣಿಕೆ 16 ದಾಟುವವರೆಗೆ ಖಾಲಿ ಕ್ಲಿಕ್ ಮಾಡುತ್ತಾ ಹೋಗಿ. ಆಮೇಲೆ ಬ್ಯಾಟರಿ ಹಾಕಿ, ಐಎಸ್‌ಒ ಚಕ್ರವನ್ನು 400ಕ್ಕೆ ತಿರುಗಿಸಿ, ಮರೆಯದೆ ಮುಚ್ಚಳ ತೆಗೆಯಿರಿ. ಇದರ ವ್ಯೂಫೈಂಡರು ಲೆನ್ಸಿನ ಮೂಲಕ ನೋಡುವುದಿಲ್ಲವಾದ್ದರಿಂದ, ಮುಚ್ಚಳ ಹಾಕಿದ್ದರೂ ನಿಮಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿರುತ್ತದೆ!

ಈ ಕೆಲಸವನ್ನು ಸಂತೆಯ ಧೂಳಿನಲ್ಲಿ ಮಾಡದೆ ಮನೆಯಲ್ಲೇ ಮುಗಿಸಿಕೊಂಡು ಹೊರಡಿ. ಡಬ್ಬಿಯ ಬಾಯಲ್ಲಿರುವ ಮಖಮಲ್ಲಿನ ನಡುವೆ ಫಿಲ್ಮು ಮತ್ತೆ ಮತ್ತೆ ಹಾದುಹೋಗುವಾಗ, ಅಲ್ಲಿ ಒಂದು ಮರಳಿನ ಕಣವಿದ್ದರೂ ಉದ್ದಕ್ಕೂ ಗೀರು ಬೀಳುತ್ತದೆ. ಅದೇ ಕಾರಣಕ್ಕೆ, ಒಂದು ರೋಲನ್ನು ಪದೇ ಪದೇ ಅತ್ತಿತ್ತ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ; ಪ್ರತಿ ಬದಲಾವಣೆಗೂ ಎರಡೆರಡು ಫ್ರೇಮು ಹೋಗುತ್ತವೆ ಎಂಬುದು ಬೇರೆ. ಉಳಿದರ್ಧವನ್ನು 1600 ಐಎಸ್‌ಒದಲ್ಲಿ ತೆಗೆಯುವ ಆಸೆಯನ್ನೂ ಬಿಡಿ, ಏಕೆಂದರೆ ಇಡೀ ರೋಲು ಒಂದೇ ದ್ರಾವಣದಲ್ಲಿ, ಒಂದೇ ಅವಧಿಗೆ ತೊಳೆಯಲ್ಪಡುತ್ತದೆ.

ತೊಳೆಯಲು ಕಳುಹಿಸುವಾಗ, ನಡುವೆ ಖಾಲಿ ಜಾಗವಿದೆ, ಅದರ ನಂತರ ಫ್ರೇಮುಗಳ ಸಾಲು ಸರಿದಿರಬಹುದು, ಆದ್ದರಿಂದ ನೆಗೆಟಿವನ್ನು ಕತ್ತರಿಸದೆ ಇಡಿಯಾಗಿ ಕೊಡಿ ಎಂದು ಲ್ಯಾಬಿನವರಿಗೆ ಚೀಟಿಯಲ್ಲಿ ಬರೆದು ಲಕೋಟೆಯೊಳಗೆ ಇಡಿ.