ಟೂರ್ನಮೆಂಟ್ ಮುಗೀತು, ಫ್ಲೆಕ್ಸ್ ಏನ್ ಮಾಡೂದು?

ಪ್ರಶ್ನೆ: ಅಕ್ಕಾರ, ನಮ್ಮ ಓಣಿ ಹುಡುಗ್ರು ಸೇರಿ ಕಬಡ್ಡಿ ಟೂರ್ನಮೆಂಟ್ ಮಾಡಿದ್ವಿ. ಮುಗದ ಮ್ಯಾಲ ನೋಡಿದ್ರ ಫ್ಲೆಕ್ಸ್ ಒಂದು ರಾಶಿ ಉಳದಾವು, ಹರದ ಮ್ಯಾಟು, ಯಾರೂ ಒಯ್ಯದ ಜೆರ್ಸಿ ಬ್ಯಾರೆ. ಕೆಲವ್ರು ಸುಟ್ಟು ಬಿಡೂಣು ಅಂತಾರ, ನಾನು ಬ್ಯಾಗ್ ಹೊಲಿಸಿ ಹಂಚೂಣು ಅಂತೀನಿ. ಯಾವ್ದು ಛಲೋರಿ?
— ಓದುಗ, ಬೆಟಗೇರಿ

ಉತ್ತರ: ತಮ್ಮಾ, ಸುಡೂದಂತೂ ಬ್ಯಾಡ್ರಿ. ಫ್ಲೆಕ್ಸ್ ಅಂದ್ರ ಒಳಗ ಪಾಲಿಯೆಸ್ಟರ್ ನೂಲಿನ ಜಾಳಗಿ, ಮ್ಯಾಲ ಪಿವಿಸಿ ಅನ್ನೋ ಪ್ಲಾಸ್ಟಿಕ್ ಲೇಪ, ಸುಟ್ರ ಹೈಡ್ರೋಜನ್ ಕ್ಲೋರೈಡ್ ಹೊಗಿ ಬರತೈತಿ, ಡಯಾಕ್ಸಿನ್ ಅನ್ನೋ ವಿಷಾನೂ ಹುಟ್ಟತೈತಿ, ಓಣಿಯೊಳಗಿನ ಕೂಸಿನಿಂದ ಮುದುಕ್ರತನಕ ಎಲ್ಲಾರೂ ಅದನ್ನ ಕುಡೀಬೇಕಾಗತೈತಿ. ಬ್ಯಾಗ್ ವಿಚಾರ ಕೇಳಿ ಖುಷಿ ಆತು. ಆದ್ರ ಯಾರಿಗೆ ಬೇಕು ಅಂತ ಕೇಳದ ಕತ್ತರಿ ಹಾಕಬ್ಯಾಡ್ರಿ, ಯಾಕಂದ್ರ ಸುಮ್ನ ಹಂಚಿದ ಬ್ಯಾಗ್ ಮಂದಿ ಮನಿ ಮೂಲಿ ಸೇರಿದ್ರ ನಿಮ್ಮ ಕಸ ಅವರ ಮನಿಗೆ ಹೋದಂಗ ಆತು ಅಷ್ಟ.

ಪ್ಲಂಬರ್, ಎಲೆಕ್ಟ್ರಿಷಿಯನ್ ಕೆಲಸದವ್ರನ್ನ ಕೇಳ್ರಿ, ಪಾನಾ ಇಕ್ಕಳ ಹಾಕ್ಕೊಳ್ಳಾಕ ಗಟ್ಟಿ ಚೀಲ ಅವರಿಗೆ ಖರೇನ ಬೇಕಾಗಿರತೈತಿ. ಮನಿಮನಿಗೆ ಪೇಪರ್ ಹಾಕೋ ಹುಡುಗ್ರಿಗೆ ಮಳಿಗಾಲದಾಗ ಫ್ಲೆಕ್ಸ್ ಚೀಲದಷ್ಟು ಉಪಯೋಗದ್ದು ಇನ್ನೊಂದಿಲ್ಲ. ಹೊಲಿಯೂ ಮುಂಚೆ ಸಾಬೂನ ನೀರಾಗ ಒರಸಿ ಒಣಗಸ್ರಿ, ಪ್ರಿಂಟ್ ಇರೋ ಮಗ್ಗಲಾ ಒಳಗ ಮಾಡ್ರಿ. ಟೇಲರ್‌ಗೆ 16 ಇಲ್ಲಾ 18 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ ಹಾಕಾಕ ಹೇಳ್ರಿ, ಹೊಲಿಗಿ ಉದ್ದಕ ಇರಲಿ, ಸಣ್ಣ ಸಣ್ಣ ಹೊಲಿಗಿ ಹಾಕಿದ್ರ ತೂತು ಒತ್ತೊತ್ತಾಗಿ ಅಲ್ಲೇ ಹರಿತೈತಿ. ಇಸ್ತ್ರಿ ತೋರಸಬ್ಯಾಡ್ರಿ. ಮತ್ತ ಟೇಲರ್ ಅಕ್ಕಾಗ ಕೂಲಿ ಪೂರ್ತಿ ಕೊಡ್ರಿ, ಸಮಾಜಸೇವೆ ಅಂತ ಆಕಿ ಕಡೆ ಪುಕ್ಕಟೆ ಹೊಲಸ್ಕೊಳ್ಳೂದು ನನಗಂತೂ ಸರಿ ಅನಸೂದಿಲ್ಲ. ದೊಡ್ಡ ಫ್ಲೆಕ್ಸನ್ನ ಬಣವಿ ಮ್ಯಾಲ ಹೊಚ್ಚತಾರ ಖರೆ, ಆದ್ರ ಬಿಸಲಿಗೆ ಪಿವಿಸಿ ಬಿರದು ಚೂರುಚೂರಾಗಿ ಹೊಲದಾಗ ಸೇರತೈತಿ, ಅದಕ್ಕ ನೆರಳಿನ್ಯಾಗ, ಗೋದಾಮಿನೊಳಗ ಸಾಮಾನು ಮುಚ್ಚಾಕ ಕೊಡ್ರಿ.

ಜೆರ್ಸಿ ಹೊಸಾವಿದ್ರ ಸಾಲಿ ಹುಡುಗ್ರಿಗೆ ಕೊಟ್ಟುಬಿಡ್ರಿ. ಹರದದ್ದು ನೆಲ ಒರಸಾಕ ಬರೂದಿಲ್ಲ, ಪಾಲಿಯೆಸ್ಟರ್ ನೀರು ಹೀರೂದಿಲ್ಲ. ನಮ್ಮ ಕಡೆ ಕೌದಿ ಹೊಲಿಯೂ ಅಜ್ಜಿಗಳು ಇನ್ನೂ ಅದಾರಲ್ಲ, ಎರಡೂ ಕಡೆ ಹಳೇ ಕಾಟನ್ ಸೀರಿ ಇಟ್ಟು ನಡುವ ಜೆರ್ಸಿ ಪದರ ಹಾಕಿದ್ರ ಬೆಚ್ಚಗಿನ ಕೌದಿ ಆಗತೈತಿ, ಒಲಿ ಹತ್ರ ಮಾತ್ರ ಹಾಸಬಾರದು. ಮ್ಯಾಟ್ ಇವಿಎ ಫೋಮಿಂದು, ಅಂದ್ರ ಸ್ಪಂಜಿನಂಗ ಮೆತ್ತಗಿಂದು ಇದ್ರ ಕೊಯ್ದು ಹೊಲಿಗಿ ಮಷಿನ್ ಕೆಳಗ ಹಾಕ್ರಿ, ಸಪ್ಪಳ ಕಮ್ಮಿ ಆಗತೈತಿ.

ಮುಂದಿನ ವರ್ಷ ಕಾಟನ್ ಬಟ್ಟಿ ಮ್ಯಾಲ ಬರಸ್ರಿ, ತಾರೀಖು ಇಸ್ವಿ ಹಾಕಬ್ಯಾಡ್ರಿ, ಅದ ಬ್ಯಾನರ್ ಮತ್ತ ಬರತೈತಿ. ಹಂಗೂ ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಾಗನ ಪ್ಲಾಸ್ಟಿಕ್ ಚೀಲದ ಜೊತಿ ಫ್ಲೆಕ್ಸನ್ನೂ ನಿಷೇಧ ಮಾಡೇತಿ.

ಪ್ರಶ್ನೆ: ಟೂರ್ನಮೆಂಟಿನ ಫ್ಲೆಕ್ಸ್ ಮ್ಯಾಲ ಮೆಣಸಿನಕಾಯಿ ಒಣಗಸಬೌದೇನ್ರಿ?
— ಓದುಗರು, ಬ್ಯಾಡಗಿ

ಉತ್ತರ: ಬ್ಯಾಡ್ರಿ ಅಣ್ಣಾರ. ಮೆತ್ತಗಿನ ಪಿವಿಸಿಗೆ ಥ್ಯಾಲೇಟ್ ಅಂತ ರಾಸಾಯನಿಕ ಹಾಕಿರತಾರ, ಬಿಸಲಿಗೆ ಕಾದಾಗ ಅದು ಹೊರಗ ಬರತೈತಿ, ಪ್ರಿಂಟಿನ ಇಂಕ್ ಬ್ಯಾರೆ. ತಿನ್ನೂ ಪದಾರ್ಥ ಯಾವುದನ್ನೂ ಅದಕ್ಕ ತಾಗಸಬ್ಯಾಡ್ರಿ, ಜೋಳ, ಹಿಟ್ಟು, ಕಾಯಿಪಲ್ಯೆನೂ ಸೈತ. ಸ್ವಚ್ಛ ಸಿಮೆಂಟ್ ಕಣ ಛಲೋ.

ಪ್ರಶ್ನೆ: ಟೋಕಿಯೋ ಒಲಿಂಪಿಕ್ಸ್ ಮೆಡಲ್ ಹಳೇ ಮೊಬೈಲಿಂದ ಮಾಡಿದ್ರು ಅಂತ ಮಗಳು ಹೇಳತಾಳ, ಖರೆ ಏನ್ರಿ?
— ಓದುಗಿ, ಉಣಕಲ್, ಹುಬ್ಬಳ್ಳಿ

ಉತ್ತರ: ಖರೇರಿ ಅಕ್ಕಾರ. 2017ರಿಂದ 2019ರತನಕ ಜಪಾನಿನ ಮಂದಿ ಹಳೇ ಎಲೆಕ್ಟ್ರಾನಿಕ್ ಸಾಮಾನು ಸುಮಾರು 79 ಸಾವಿರ ಟನ್ ಕೊಟ್ರು, ಅದರ ಜೊತಿ 62 ಲಕ್ಷದಷ್ಟು ಮೊಬೈಲು. ಅದರಾಗ ತಗದ ಬಂಗಾರ, ಬೆಳ್ಳಿ, ಕಂಚಿನಿಂದ ಸುಮಾರು 5,000 ಮೆಡಲ್ ಆದವು. ನೋಡ್ರಿ, ಅಲ್ಲೂ ಮೊದಲ ಏನ್ ಮಾಡಬೇಕು ಅಂತ ಠರಾಯಿಸಿ ಆಮ್ಯಾಲ ಸಾಮಾನು ಕೂಡಿಸಿದ್ರು. ಮನಿಯೊಳಗ ಮೊಬೈಲ್ ಒಡಿಯೋದು ಮಾತ್ರ ಬ್ಯಾಡ, ಬ್ಯಾಟರಿಗೆ ಬೆಂಕಿ ಹತ್ತತೈತಿ. ಮಗಳ ಸಾಲಿಯೊಳಗ ಧೂಳ ಹಿಡದ ಟ್ರೋಫಿ ಇದ್ರ ಬುಡದ ಹೆಸರಿನ ಪಟ್ಟಿ ತಗಿಸಿ ಹೊಸಾದು ಹಚ್ಚಸಾಕ ಹೇಳ್ರಿ, ಟ್ರೋಫಿ ಅಂಗಡಿಯವ್ರ ಕೆತ್ತಿ ಕೊಡತಾರ.