ಎಲ್ಲರೂ ಹೊಗಳುವ ಈ ಪತ್ರಗಳ ಕಾದಂಬರಿ ನನಗೆ ಯಾಕೆ ಹಿಡಿಸುತ್ತಿಲ್ಲ? ಮುಂದುವರಿಸಲಾ, ಬಿಡಲಾ?

‘ದಿ ಗರ್ನ್ಸಿ ಲಿಟರರಿ ಆ್ಯಂಡ್ ಪೊಟೆಟೊ ಪೀಲ್ ಪೈ ಸೊಸೈಟಿ’ಯನ್ನು 40 ಪುಟ ಓದಿ ನಿಲ್ಲಿಸಿದ್ದೀರಿ. ಯಾರು ಯಾರಿಗೆ ಬರೆದರು ಅಂತ ಪದೇ ಪದೇ ಹಿಂದಿನ ಪುಟ ತಿರುಗಿಸಬೇಕು, ಎಲ್ಲರೂ ಒಂದೇ ಥರ ಮಾತಾಡುತ್ತಾರೆ, ಯುದ್ಧದ ಕಥೆ ಅಂತ ಕೈಗೆತ್ತಿಕೊಂಡರೆ ಬರೀ ಹರಟೆ ಅಂದಿದ್ದೀರಿ. ನಿಮ್ಮ ಸ್ನೇಹಿತರು ಮಾತ್ರ ಇದನ್ನು ಓದಿ ಅತ್ತರಂತೆ. ನಾನೂ ಮೊದಲ ಸಲ ಅಲ್ಲೇ ಎಲ್ಲೋ ಬಿಟ್ಟಿದ್ದೆ. ಎರಡನೇ ಸಲ ಹಿಡಿದಾಗ ಒಂದೇ ವಾರದಲ್ಲಿ ಮುಗಿಸಿದೆ. ಈ ಎರಡರ ನಡುವೆ ನಾನು ಮಾಡಿದ್ದು ಇಷ್ಟೇ, ಎರಡನೇ ಮಹಾಯುದ್ಧದ ಕಾಲದಲ್ಲಿ, ಕಥೆ ನಡೆಯುವ ಗರ್ನ್ಸಿ ದ್ವೀಪದ ಅಂಚೆ ಹೇಗಿತ್ತು ಅಂತ ಸ್ವಲ್ಪ ಓದಿಕೊಂಡಿದ್ದೆ. ಅದನ್ನೇ ನಿಮಗೂ ಹೇಳುತ್ತೇನೆ.

ಗರ್ನ್ಸಿ ಇರುವುದು ಫ್ರಾನ್ಸಿನ ಕರಾವಳಿಗೆ ಹತ್ತಿರ. ಆದರೆ ಸೇರುವುದು ಬ್ರಿಟನ್ನಿನ ರಾಜಸಿಂಹಾಸನಕ್ಕೆ. 1940ರ ಜೂನ್ ತಿಂಗಳಲ್ಲಿ ಜರ್ಮನ್ನರು ಬರುತ್ತಾರೆ ಅಂತ ಗೊತ್ತಾದಾಗ ಕೆಲವೇ ದಿನಗಳಲ್ಲಿ ಸುಮಾರು 17,000 ಜನ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಅವರಲ್ಲಿ ಸಾವಿರಾರು ಮಂದಿ ಶಾಲೆಯ ಮಕ್ಕಳು. ಎಷ್ಟೋ ಮಕ್ಕಳ ಜೊತೆ ಅಪ್ಪ ಅಮ್ಮ ಇರಲಿಲ್ಲ, ಮೇಷ್ಟರು ಮಾತ್ರ ಇದ್ದರು. ಜೂನ್ 28ರಂದು ಬಂದರಿನ ಮೇಲೆ ಬಾಂಬು ಬಿತ್ತು. 30ಕ್ಕೆ ಜರ್ಮನ್ನರು ಇಳಿದರು. ಬಿಡುಗಡೆ ಆಗಿದ್ದು 1945ರ ಮೇ 9ರಂದು. ಅಷ್ಟೂ ದಿನ ಇಂಗ್ಲೆಂಡಿನ ಜೊತೆ ಮಾಮೂಲಿ ಅಂಚೆ ಇಲ್ಲ, ಫೋನ್ ಇಲ್ಲ. 1942ರಲ್ಲಿ ರೇಡಿಯೊಗಳನ್ನೂ ಕಿತ್ತುಕೊಂಡರು.

ಉಳಿದಿದ್ದು ರೆಡ್ ಕ್ರಾಸ್ ಮೂಲಕ ಹೋಗುವ ಒಂದು ಫಾರ್ಮ್. ಅದರಲ್ಲಿ 25 ಪದ ಮಾತ್ರ ಬರೆಯಬಹುದಿತ್ತು. ಮನೆಯ ಸುದ್ದಿ ಬಿಟ್ಟು ಬೇರೆ ಏನೂ ಬರೆಯುವ ಹಾಗಿಲ್ಲ. ಜರ್ಮನ್ನರೂ ಓದುತ್ತಿದ್ದರು, ಬ್ರಿಟಿಷರೂ ಓದುತ್ತಿದ್ದರು. ಜಿನೀವಾ ಸುತ್ತಿಕೊಂಡು ತಲುಪುವುದಕ್ಕೆ ತಿಂಗಳುಗಟ್ಟಲೆ ಬೇಕು. ಅದೇ ಫಾರ್ಮಿನ ಹಿಂಬದಿಯಲ್ಲಿ ಉತ್ತರ ಬರೆದು ವಾಪಸ್ ಕಳಿಸಬೇಕು.

ಇದನ್ನು ಓದಿದ ದಿನ ಸುಮ್ನೆ ಒಂದು ಹಾಳೆ ತೆಗೆದುಕೊಂಡು ನಾನೂ ಬರೆದು ನೋಡಿದೆ. ದೂರ ಹೋಗಿರುವ ಮಗುವಿಗೆ ತಾಯಿ ಬರೆಯುವ ಹಾಗೆ.

“ಮಗು, ನಾವು ಚೆನ್ನಾಗಿದ್ದೇವೆ. ಅಜ್ಜ ಚೆನ್ನಾಗಿದ್ದಾರೆ. ನಿನ್ನ ಕಾಗದ ಬಂತು. ಎತ್ತರ ಆಗಿದ್ದೀಯಂತೆ. ಹಳೆ ಅಂಗಿ ಸಾಲಲ್ಲ ಅಲ್ವಾ? ಚೆನ್ನಾಗಿ ಓದು. ಬಿದ್ದ ಹಲ್ಲು ಮತ್ತೆ ಬಂತಾ? ದಿನಾ ನಿನ್ನ ಮಾತೇ ಆಡುತ್ತೇವೆ. ಅಮ್ಮ.”

ಎಣಿಸಿ ನೋಡಿ, ಸರಿಯಾಗಿ 25. ‘ಅಮ್ಮ’ ಅನ್ನುವುದಕ್ಕೆ ಜಾಗ ಬೇಕು ಅಂತ ‘ಹುಷಾರು’ ಅನ್ನುವ ಪದ ತೆಗೆಯಬೇಕಾಯಿತು. ಹಲ್ಲಿನ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಮಗುವಿಗೆ ಇನ್ನೆರಡು ಹಲ್ಲು ಬಿದ್ದಿರುತ್ತವೆ.

ಇಷ್ಟು ಗೊತ್ತಾದ ಮೇಲೆ ಕಾದಂಬರಿಯ ಮೊದಲ ಪುಟಗಳಿಗೆ ವಾಪಸ್ ಹೋದೆ. ಕಥೆ ಶುರುವಾಗುವುದು 1946ರ ಜನವರಿಯಲ್ಲಿ, ಅಂದರೆ ಬಿಡುಗಡೆಯಾಗಿ ಎಂಟು ತಿಂಗಳಾಗಿದೆ ಅಷ್ಟೇ. ಡಾಸಿ ಆ್ಯಡಮ್ಸ್ ಅನ್ನುವ ರೈತನ ಕೈಗೆ ಇಂಗ್ಲಿಷ್ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಬರೆದ ಹಳೇ ಪುಸ್ತಕ ಸಿಕ್ಕಿದೆ. ಒಳಗೆ ಲಂಡನ್ನಿನ ಬರಹಗಾರ್ತಿ ಜೂಲಿಯೆಟ್ ಆ್ಯಷ್ಟನ್ ಹೆಸರು, ವಿಳಾಸ ಇದೆ. ದ್ವೀಪದಲ್ಲಿ ಪುಸ್ತಕದಂಗಡಿಗಳೇ ಉಳಿದಿಲ್ಲ, ಲಂಡನ್ನಿನ ಒಂದು ಅಂಗಡಿಯ ವಿಳಾಸ ಕೊಡುತ್ತೀರಾ ಅಂತ ಆತ ಗುರುತಿಲ್ಲದ ಅವಳಿಗೆ ಬರೆಯುತ್ತಾನೆ. ಆಮೇಲೆ ಒಬ್ಬೊಬ್ಬರಾಗಿ ಊರಿನವರೆಲ್ಲ, ಅದರಲ್ಲೂ ಹೆಸರಿನಲ್ಲಿರುವ ‘ಸೊಸೈಟಿ’ ಅನ್ನುವ ಪುಸ್ತಕ ಓದುವ ಗುಂಪಿನವರು, ಅವಳಿಗೆ ಬರೆಯಲು ಶುರು ಮಾಡುತ್ತಾರೆ.

ಈ ಪುಸ್ತಕದ ಬಗ್ಗೆ ಓದುಗರು ಜಾಸ್ತಿ ಹೇಳುವ ದೂರು ಇದೇ. ಪರಿಚಯ ಇಲ್ಲದವಳಿಗೆ ಯಾರಾದರೂ ಇಷ್ಟೆಲ್ಲ ಹೇಳಿಕೊಳ್ಳುತ್ತಾರಾ? ಇಷ್ಟುದ್ದ ಹರಟುತ್ತಾರಾ? ನನಗೂ ಹಾಗೇ ಅನ್ನಿಸಿತ್ತು. ಈಗ ಅನ್ನಿಸುವುದು ಬೇರೆ. ಐದು ವರ್ಷ 25 ಪದದಲ್ಲಿ ಬದುಕಿದವರ ಕೈಗೆ ಪೂರ್ತಿ ಹಾಳೆ ಸಿಕ್ಕಿದೆ. ಹಂದಿಯ ಬಗ್ಗೆ ಬರೆಯುತ್ತಾರೆ, ಆಡಿನ ಬಗ್ಗೆ ಬರೆಯುತ್ತಾರೆ, ಪಕ್ಕದ ಮನೆಯವರ ಬಗ್ಗೆ ಬರೆಯುತ್ತಾರೆ. ಯಾರೂ ಕತ್ತರಿ ಹಾಕುವುದಿಲ್ಲ ಅನ್ನುವ ಖುಷಿಯಲ್ಲಿ ಬರೆಯುತ್ತಾರೆ. ನೀವು ಹರಟೆ ಅಂದಿದ್ದು ನನಗೆ ಯುದ್ಧದ ಚರಿತ್ರೆಯಾಗಿಯೇ ಕಾಣುತ್ತದೆ.

ಹೆಸರಿನಲ್ಲಿರುವ ಆ ಪೈ ಅನ್ನುವ ತಿನಿಸು ಕೂಡ ಹಾಗೇ. ಕೇಳಲು ಮುದ್ದಾಗಿದೆ. ಬೆಣ್ಣೆ ಇಲ್ಲ, ಹಿಟ್ಟಿಲ್ಲ, ಸಕ್ಕರೆ ಇಲ್ಲದ ಕಾಲಕ್ಕೆ ಆಲೂಗಡ್ಡೆ ಹಿಸುಕಿ, ಸಿಹಿಗೆ ಬೀಟ್‌ರೂಟ್ ಹಾಕಿ, ಮೇಲೆ ಸಿಪ್ಪೆ ಹೊದಿಸಿದ್ದು ಅದು. ನಿಜವಾದ ದ್ವೀಪದಲ್ಲಿ ಹಸಿವು ಎಷ್ಟಕ್ಕೆ ಮುಟ್ಟಿತು ಅಂದರೆ 1944ರ ಡಿಸೆಂಬರಿನಲ್ಲಿ ರೆಡ್ ಕ್ರಾಸ್‌ನ ‘ವೆಗಾ’ ಹಡಗು ಆಹಾರದ ಪೊಟ್ಟಣಗಳನ್ನು ತಂದ ಮೇಲೇ ಜನ ನೆಮ್ಮದಿಯ ಉಸಿರು ಬಿಟ್ಟಿದ್ದು.

ಎಲ್ಲರ ದನಿ ಒಂದೇ ಥರ ಅನ್ನುವ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಚಟಾಕಿ ಹಾರಿಸುವಾಗ ಜೂಲಿಯೆಟ್‌ಗೂ ಅವಳ ಪ್ರಕಾಶಕನಿಗೂ ವ್ಯತ್ಯಾಸ ಕಮ್ಮಿ. ಆದರೆ ಡಾಸಿಯ ಸಂಕೋಚ, ಅದೇ ಊರಿನ ಐಸೋಲಾಳ ಗಡಿಬಿಡಿ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ. ಆ್ಯಡಿಲೇಡ್ ಆ್ಯಡಿಸನ್ ಅನ್ನುವ ಹೆಂಗಸಿನ ಪತ್ರಗಳನ್ನು ಮಾತ್ರ ಹಾರಿಸಬೇಡಿ. ಈ ಸೊಸೈಟಿಯವರು ಎಂಥ ಕೆಟ್ಟವರು ಗೊತ್ತಾ ಅಂತ ಎಚ್ಚರಿಸುವುದಕ್ಕೇ ಅವಳು ಬರೆಯುವುದು. ಹಾಗೇ ಜೂಲಿಯೆಟ್ ಎಂಥವಳು ಅಂತ ದ್ವೀಪದವರು ಕೇಳಿದಾಗ ಅವಳನ್ನು ಬಲ್ಲ ಇಬ್ಬರು ಬರೆಯುತ್ತಾರೆ. ಒಬ್ಬರಿಗೆ ಅವಳ ಮೇಲೆ ಪ್ರೀತಿ, ಇನ್ನೊಬ್ಬರಿಗೆ ಅವಳನ್ನು ಕಂಡರೆ ಆಗುವುದಿಲ್ಲ. ಲೇಖಕಿ ನಡುವೆ ಬಂದು ಯಾರು ಸರಿ ಅಂತ ಹೇಳುವುದಿಲ್ಲ. ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡು ನಾವೇ ತೂಗಬೇಕು. ಪತ್ರದ ಕಾದಂಬರಿಯಲ್ಲಿ ನನಗೆ ತುಂಬಾ ಇಷ್ಟ ಆಗುವ ಕೆಲಸ ಇದು. ಎಲಿಜಬೆತ್ ಅನ್ನುವವಳನ್ನೂ ನಾವು ಹೀಗೇ, ಬೇರೆಯವರ ಕಾಗದಗಳಿಂದಲೇ ಅರ್ಥ ಮಾಡಿಕೊಳ್ಳುತ್ತೇವೆ. ನಿಮ್ಮ ಸ್ನೇಹಿತರು ಅತ್ತಿದ್ದು ಬಹುಶಃ ಅವಳಿಗಾಗಿ. ಅದಕ್ಕಿಂತ ಜಾಸ್ತಿ ಹೇಳಿದರೆ ನಿಮ್ಮ ಓದು ಹಾಳಾಗುತ್ತದೆ.

ಪ್ರೇಮದ ಭಾಗ ನನಗೆ ಅಷ್ಟಕ್ಕಷ್ಟೇ. ಹೇಗೆ ಮುಗಿಯುತ್ತದೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ. ಇನ್ನೊಂದು ವಿಷಯ. ಇದನ್ನು ಬರೆದ ಮೇರಿ ಆ್ಯನ್ ಶಾಫರ್ ಅವರ ಆರೋಗ್ಯ ಕೆಟ್ಟಾಗ ಹಸ್ತಪ್ರತಿಯ ಉಳಿದ ಕೆಲಸವನ್ನು ಮುಗಿಸಿಕೊಟ್ಟಿದ್ದು ಬಂಧು ಆ್ಯನಿ ಬ್ಯಾರೋಸ್. 2008ರಲ್ಲಿ ಪುಸ್ತಕ ಹೊರಬರುವ ಮೊದಲೇ ಶಾಫರ್ ತೀರಿಕೊಂಡರು. ಎಲ್ಲಿ ಕೈ ಬದಲಾಯಿತು ಅಂತ ನಾನೂ ಹುಡುಕಿದೆ. ಹೊಲಿಗೆ ಕಾಣಲಿಲ್ಲ.

ಓದುವಾಗ ಒಂದು ಚೀಟಿಯಲ್ಲಿ ಹೆಸರುಗಳನ್ನು ಬರೆದಿಟ್ಟುಕೊಳ್ಳಿ: ಯಾರು, ಎಲ್ಲಿಯವರು, ಜೂಲಿಯೆಟ್‌ಗೆ ಏನಾಗಬೇಕು. ಪ್ರತಿ ಪತ್ರದ ಮೇಲಿನ ತಾರೀಕನ್ನೂ ನೋಡಿ, ಎರಡು ಪತ್ರಗಳ ನಡುವೆ ಎಷ್ಟು ದಿನ ಕಳೆಯಿತು ಅನ್ನುವುದರಲ್ಲೂ ಸುದ್ದಿ ಇರುತ್ತದೆ. ಮುಂದೆ ಎಬೆನ್ ರ‍್ಯಾಮ್ಸಿ ಅನ್ನುವ ಅಜ್ಜ, ಮೊಮ್ಮಗ ಈಲೈಯನ್ನು ಇಂಗ್ಲೆಂಡಿಗೆ ಕಳಿಸಿಕೊಟ್ಟಿದ್ದರ ಬಗ್ಗೆ ಬರೆಯುತ್ತಾನೆ. ಅಲ್ಲಿವರೆಗೆ ಓದಿ. ಅದೂ ಮನಸ್ಸಿಗೆ ತಟ್ಟದಿದ್ದರೆ ಪುಸ್ತಕ ಮುಚ್ಚಿಟ್ಟುಬಿಡಿ, ನಿಮ್ಮ ಸ್ನೇಹಿತರು ಏನೂ ಅಂದುಕೊಳ್ಳುವುದಿಲ್ಲ.